ಹನ್ನೊಂದು ಶಿವನಾಮದ ವೇಗ

ನಮ್ಮ ಸೋದರಮಾವನ ಬಾಯಲ್ಲಿ ಒಂದು ಯಂತ್ರವಿದೆ. ಹಲ್ಲಿನ ಸೆಟ್ಟಲ್ಲ, ಅದು ಬೇರೆ ಇದೆ, ಹೆಚ್ಚಾಗಿ ಡಬ್ಬಿಯಲ್ಲೇ ಇರುತ್ತದೆ. ನಾನು ಹೇಳುತ್ತಿರುವುದು ಗಾಡಿಗಳ ವೇಗ ಅಳೆಯುವ ಯಂತ್ರ. ಅದಕ್ಕೆ ಕರೆಂಟು ಬೇಡ, ಸೆಲ್ಲು ಬೇಡ. ರಾಯಚೂರಿನ ನಮ್ಮ ಓಣಿಯಲ್ಲಿ ಇಪ್ಪತ್ತರ ಮೇಲೆ ಯಾರು ಹೋದರೂ ಮಾವನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವರು ಸುಮ್ಮನಿರುವುದೂ ಇಲ್ಲ.

ಮೂವತ್ತು ವರ್ಷ ಮಾನ್ವಿ, ದೇವದುರ್ಗದ ದಾರಿಗಳಲ್ಲಿ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ಆಗಿನ ಅವರ ವೇಗ ಕಂಡವರು ಈಗಿನ ಅವರನ್ನು ನಂಬುವುದಿಲ್ಲ. ಪೋತ್ನಾಳದಲ್ಲಿ ಇಳಿಯಬೇಕಾದವರು ಮಾನ್ವಿ ದಾಟುತ್ತಲೇ ಎದ್ದು ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಕೂತೇ ಇದ್ದವರು ಸಿಂಧನೂರಿನಲ್ಲಿ ಇಳಿಯುತ್ತಿದ್ದರು.

ಅಂಥವರಿಗೆ ಏನಾಯಿತು? ಅವರಿಗೇನೂ ಆಗಲಿಲ್ಲ, ಅತ್ತೆಯ ಕಿವಿ ಹೋಯಿತು. ಅತ್ತೆ ದಿನಾ ಮಧ್ಯಾಹ್ನ ನಾಲ್ಕಕ್ಕೆ ಓಣಿ ದಾಟಿ ಎದುರು ಮನೆಯ ಗೆಳತಿ, ಓಣಿಯವರೆಲ್ಲ ಚಿಕ್ಕಮ್ಮನೆಂಬಂತೆ ಖಾಲಾ ಎಂದು ಕರೆಯುವವರ ಹತ್ತಿರ ಚಹಾಕ್ಕೆ ಹೋಗುತ್ತಾರೆ. ಆ ಕಡೆ ಈ ಕಡೆ ನೋಡುವ ಅಭ್ಯಾಸ ಅವರಿಗೆ ಹುಟ್ಟಿದಾಗಿನಿಂದಲೂ ಇಲ್ಲ. ಮೊದಲು ಹಾರ್ನ್ ಕೇಳಿ ನಿಲ್ಲುತ್ತಿದ್ದರು, ಈಗ ಅದೂ ಕೇಳಿಸದು. ಕಿವಿಗೆ ಮಷೀನು ಹಾಕಿಸೋಣವೆಂದರೆ, “ಹಾಕಿದ್ರ ನಿಮ್ಮ ಮಾವನ ಮಾತು ಕೇಳಸ್ತದ, ಬ್ಯಾಡ” ಎಂದು ಬಿಟ್ಟರು.

ಮಾವ ಪಾಲಿಕೆಗೆ ಅರ್ಜಿ ಮೇಲೆ ಅರ್ಜಿ ಹಾಕಿದರು. ಅವರ ಅರ್ಜಿಯ ಕಾಟಕ್ಕೋ, ತಾವಾಗಿಯೇ ಯೋಚಿಸಿಯೋ, ಮನೆಗಳಿರುವ ಓಣಿಗಳಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮೀರಬಾರದು ಎಂಬ ನಿಯಮ ಬಂತು. ಮೊದಲು ಕೆಲವು ಓಣಿಗಳಲ್ಲಿ ಮಾತ್ರ, ಅದೂ ಪರೀಕ್ಷೆಗೆ. ಮೂರು ತಿಂಗಳು ಬಿಟ್ಟು ಎಂಜಿನಿಯರ್ ಬಂದು ಅಳೆಯುವುದು, ಜನ ಪಾಲಿಸಿದ್ದರೆ ಬೋರ್ಡು ಉಳಿಯುವುದು, ಇಲ್ಲದಿದ್ದರೆ ಕಿತ್ತುಕೊಂಡು ಹೋಗುವುದು. ನಮ್ಮ ಓಣಿಗೂ ಒಂದು ಬೋರ್ಡು ಬಂತು. ಅದರ ಜೊತೆಗೆ ಯಾರೂ ಬರಲಿಲ್ಲ. ಹಾಗಾದರೆ ಕಾಯುವವರು ಯಾರು? ಮಾವ ಆ ಕೆಲಸವನ್ನು ತಾವೇ ವಹಿಸಿಕೊಂಡರು.

ಮೊದಲ ದಿನ ತಮ್ಮ ಹಳೆಯ ಸ್ಕೂಟರಿನ ಮುಳ್ಳನ್ನು ಇಪ್ಪತ್ತಕ್ಕೆ ನಿಲ್ಲಿಸಿ, ಟ್ರಾನ್ಸ್‌ಫಾರ್ಮರ್ ಕಂಬದಿಂದ ಹಿಟ್ಟಿನ ಗಿರಣಿಯವರೆಗೆ ‘ಓಂ ನಮಃ ಶಿವಾಯ’ ಹೇಳುತ್ತ ಹೋದರು. ಹನ್ನೊಂದು ಆಯಿತು. ಮತ್ತೆ ಹೋದರು, ಮತ್ತೆ ಹನ್ನೊಂದು. ಎಂಟು ಸಲ ಹೋಗಿ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಘೋಷಿಸಿದರು: ಕಂಬದಿಂದ ಗಿರಣಿಗೆ ಹನ್ನೊಂದು ಶಿವನಾಮ ಹಿಡಿಯಬೇಕು. ಹತ್ತಕ್ಕೆ ದಾಟಿದರೆ ತಪ್ಪು. ತಪ್ಪಿಗೆ ದಂಡವಿಲ್ಲ, ಬೈಗುಳವಿಲ್ಲ. ಹಿಂದಕ್ಕೆ ಕಂಬದ ತನಕ ಹೋಗಿ ಮತ್ತೊಮ್ಮೆ ಬರಬೇಕು, ಅಷ್ಟೇ.

ನಗಬೇಡಿ. ಬೈಗುಳವಾದರೆ ಜನ ಎದುರು ಮಾತಾಡಿ ಹೋಗುತ್ತಿದ್ದರು. ಎಪ್ಪತ್ತರ ಮುದುಕ ರಸ್ತೆ ನಡುವೆ ನಿಂತು, ಕೈ ಮುಗಿದು, “ಹಿಂದಕ್ಕ ಹೋಗಿ ಬರ್ರಿ” ಎಂದರೆ ಏನು ಮಾಡುವುದು? ಹೋಗಿ ಬರುತ್ತಿದ್ದರು.

ಖಾಲಾನ ಮಗ ಆಟೊ ಓಡಿಸುತ್ತಾನೆ. ನಲವತ್ತು ದಾಟಿದ, ಮೂರು ಮಕ್ಕಳ ತಂದೆ. ದಿನಕ್ಕೆರಡು ಸಲವಾದರೂ ಹಿಂದಕ್ಕೆ ಹೋಗುತ್ತಿದ್ದ.

“ಮಾಮು, ನೀವು ಎಳದು ಎಳದು ಹೇಳಾಕತ್ತೀರಿ. ಜರಾ ಜಲ್ದಿ ಹೇಳ್ರಿ, ನಾನೂ ಪಾಸ್ ಆಗ್ತೀನಿ.”

“ದೇವರ ಹೆಸರಾಗ ಅವಸರ ಮಾಡಬಾರದು ಲೇ. ಗಾಡಿ ತಿರುಗ್ಸು.”

“ಒಳಗ ಸವಾರಿ ಕುಂತಾರ ಮಾಮು.”

“ಅವರೂ ಒಂದು ಸಲ ಓಣಿ ನೋಡ್ಲಿ ಬಿಡು.”

ಇದೆಲ್ಲ ನೋಡಲು ಚೆನ್ನಾಗಿತ್ತು, ನನ್ನ ಮಗಳನ್ನು ನೋಡಲು ದೇವದುರ್ಗದಿಂದ ಗಂಡಿನ ಕಡೆಯವರು ಬರುವ ತನಕ. ನಾನು ಉಪ್ಪಿಟ್ಟು ಇಳಿಸಿ, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದರೆ, ಪಕ್ಕದ ಮನೆಯ ಕಟ್ಟೆಯಿಂದ ಮಾವ ಆಗಲೇ ಇಳಿದಿದ್ದರು. ಕಾರು ನಿಂತಿತ್ತು.

“ಯಜಮಾನ್ರ, ಏಳಕ್ಕ ದಾಟೀರಿ. ಹನ್ನೊಂದು ಆಗಬೇಕು.”

“ನಾವು ಕನ್ಯಾ ನೋಡಾಕ ಬಂದೀವ್ರಿ,” ಎಂದರು ಹುಡುಗನ ತಂದೆ.

“ಕನ್ಯಾ ಎಲ್ಲೂ ಓಡಿ ಹೋಗಂಗಿಲ್ರಿ. ಹಿಂದಕ್ಕ ಹೋಗಿ ನಿಧಾನ ಬರ್ರಿ.”

ಎರಡನೇ ಸಲ ಒಂಬತ್ತಾಯಿತು. ಮೂರನೇ ಸಲಕ್ಕೆ ಪಾಸಾದರು. ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಹೊರಡುವಾಗ ಹುಡುಗನ ತಂದೆ ನನಗೆ ಕೈ ಮುಗಿದು ಹೇಳಿದರು: “ಹುಡುಗಿ ಒಪ್ಪಿಗಿ ಅದ್ರಿ ತಂಗೀ. ಆದ್ರ ಲಗ್ನಕ್ಕ ನಾವು ನಾಕು ಗಾಡ್ಯಾಗ ಬರ್ತೀವಿ. ಮುಹೂರ್ತ ಸಂಜಿಗಿ ಇಟ್ಟುಬಿಡ್ರಿ.”

ಮಾವನಿಗೆ ಬೇರೆಯೇ ಚಿಂತೆ. “ನಾಕೂ ಕೂಡೇ ಬಂದ್ರ ಎಣಸಾಕ ಹ್ಯಾಂಗ?”

ಹೀಗೆ ಎರಡು ತಿಂಗಳು ಕಳೆದವು. ಓಣಿಯ ಬೈಕುಗಳು ಕಂಬದ ಹತ್ತಿರ ಬರುತ್ತಲೇ ತಾವಾಗಿಯೇ ತಗ್ಗತೊಡಗಿದವು. ಅಷ್ಟರಲ್ಲಿ ಚಳಿಗೆ ಮಾವನ ಎದೆಯಲ್ಲಿ ಕಫ ಕಟ್ಟಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಮರಳಿ ಬಂದ ಮರುದಿನವೇ ಶಾಲು ಹೊದ್ದು ಕಟ್ಟೆಗೆ ಬಂದು ಕೂತರು. ಕೂತವರೇ ಬೆಚ್ಚಿಬಿದ್ದರು.

ಎಲ್ಲರೂ ತಪ್ಪು. ಬೈಕು ಆರಕ್ಕೆ, ಆಟೊ ಏಳಕ್ಕೆ ದಾಟಿದವು. ಸೈಕಲ್ಲಿನ ಮೇಲೆ ಎರಡು ಕ್ಯಾನು ಕಟ್ಟಿಕೊಂಡು ಬರುವ ಹಾಲಿನ ಮುದುಕಪ್ಪನೂ ಹತ್ತಕ್ಕೆ ದಾಟಿ ಸಿಕ್ಕಿಬಿದ್ದ.

“ನಾ ಇಲ್ಲದಾಗ ಓಣಿ ಕೆಟ್ಟುಹೋಗ್ಯದ ಯವ್ವಾ,” ಎಂದರು ನನಗೆ. ನಾನು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಓಂ ಎಂದು ಒಂದು ಉಸಿರು, ನಮಃ ಎಂದು ಒಂದು, ಶಿವಾಯ ಎನ್ನುವ ಮೊದಲು ಸಣ್ಣ ಕೆಮ್ಮು. ಫೋನಿನಲ್ಲಿ ಸಮಯ ನೋಡಿದೆ. ಅವರ ಹನ್ನೊಂದಕ್ಕೆ ಈಗ ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು. ಕೆಟ್ಟಿದ್ದು ಓಣಿಯಲ್ಲ. ಹೇಳುವುದು ಹೇಗೆ?

“ಒಂದು ವಾರಕ್ಕ ಎಂಜಿನಿಯರ್ ಬರ್ತಾನ. ಬೋರ್ಡು ಕಿತ್ತರ ನಿಮ್ಮತ್ತೀನ ಮನ್ಯಾಗ ಹ್ಯಾಂಗ ಕುಂದ್ರಸ್ಲಿ? ಆಕಿಗಿ ಇರೋದ ಅದೊಂದು ಚಹಾ,” ಎಂದರು. ಆ ದಿನ ಸರಿಯಾಗಿ ಉಣ್ಣಲೂ ಇಲ್ಲ.

ನಾನು ಖಾಲಾನ ಮಗನಿಗೆ ಸಂಗತಿ ಹೇಳಲು ಹೋದೆ. ಅವನು ಆಟೊ ಒರೆಸುತ್ತಿದ್ದ. “ಗೊತ್ತದ ಅಕ್ಕಾ. ಮಾಮುಂದು ಉಸಿರು ಸಣ್ಣದು ಆಗ್ಯದ. ನಾ ಎಲ್ಲರಿಗೂ ಹೇಳೀನಿ,” ಎಂದ.

ವಾರದ ಬಳಿಕ ಎಂಜಿನಿಯರ್ ಬಂದರು. ಚಿಕ್ಕ ವಯಸ್ಸಿನವರು, ಕೈಯಲ್ಲಿ ವೇಗ ಅಳೆಯುವ ನಿಜವಾದ ಮಷೀನು. ಗಿರಣಿಯ ಹತ್ತಿರ ನಿಂತು ಒಂದೊಂದೇ ಗಾಡಿಗೆ ಹಿಡಿದರು. ಬೈಕು, ಗಂಟೆಗೆ ಒಂಬತ್ತು ಕಿಲೋಮೀಟರ್. ಕಾರು, ಹತ್ತು. ಆಟೊ, ಹತ್ತು. ಅವರು ಮಷೀನನ್ನು ಅಂಗೈಗೆ ತಟ್ಟಿ ನೋಡಿದರು.

“ಬೋರ್ಡಿನಾಗ ಇಪ್ಪತ್ತು ಅದಲ್ಲಪ್ಪಾ. ನೀವೆಲ್ಲ ಯಾಕ ಹಿಂಗ ಹೊಂಟೀರಿ?”

ಖಾಲಾನ ಮಗ ಆಟೊ ನಿಲ್ಲಿಸಿ, ಕಟ್ಟೆಯ ಕಡೆ ನೋಡಿ ದನಿ ತಗ್ಗಿಸಿದ. “ಅಲ್ಲಿ ಕುಂತಾರಲ್ರಿ ಸಾಹೇಬ್ರ, ಅವರದು ಹನ್ನೊಂದು ಸಲ ಶಿವನ ಹೆಸರು ಹೇಳೋದು ಮುಗೀಬೇಕ್ರಿ. ಅದರ ಮ್ಯಾಲ ಅವರು ನಮ್ಮ ಸ್ಪೀಡ್ ಹಿಡೀತಾರ. ಬೀಮಾರ್ ಬಿದ್ದು ಎದ್ದಾರ, ಈಗ ಜಲ್ದಿ ಹೇಳಾಕ ಆಗಲ್ಲ.”

ಎಂಜಿನಿಯರ್ ಕಾಗದದಲ್ಲಿ ಏನೋ ಬರೆದುಕೊಂಡು ಕಟ್ಟೆಯ ಹತ್ತಿರ ಬಂದರು. ಮಾವ ಶಾಲು ಸರಿಸಿ, ಎದ್ದು ನಿಲ್ಲಲು ಹೋಗಿ, ಆಗದೆ ಕೂತರು.

“ನಂದ್ರಾಗ ಎಲ್ಲಾ ಹನ್ನೊಂದು ಬಂದಾವ್ರಿ. ನಿಮ್ಮ ಮಷೀನ್ಯಾಗ ಎಷ್ಟು ಬಂತು?”

ಎಂಜಿನಿಯರ್ ಮಷೀನಿನ ಮುಖವನ್ನು ಎದೆಗೆ ಒತ್ತಿಕೊಂಡು ಹೇಳಿದರು: “ಇಪ್ಪತ್ರಿ ಯಜಮಾನ್ರ. ಎಲ್ಲಾ ಸರಿಯಾಗಿ ಇಪ್ಪತ್ತು. ಬೋರ್ಡು ಇಲ್ಲೇ ಇರ್ಲಿ ಅಂತ ಬರದೀನಿ.”

ಮಾವ ಅವರ ಕೈ ಹಿಡಿದು, ಉಸಿರು ತಿರುಗಿ ಬರುವ ತನಕ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಮಷೀನು ಚಲೋ ಅದ ನೋಡು ಯವ್ವಾ,” ಎಂದರು.