ಗುಗ್ಗೆಕಡ್ಡಿಯ ತುದಿಯಷ್ಟು ಮೊಟ್ಟೆ

ಹಡಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಇಸಾಮುವಿನ ಕಣ್ಣು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಜಪಾನಿನ ಒನೊಮಿಚಿಯ ಹಡಗು ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಕನೆಂದರೆ ಅವನೇ. ಅವನು ಹೂಂ ಅನ್ನದೆ ಎಂಥ ಹಡಗೂ ನೀರಿಗಿಳಿಯುತ್ತಿರಲಿಲ್ಲ. ಅಂಥ ಮಹಾಶಯನಿಗೆ ಸ್ವಂತ ಮಗಳ ಮುಖದಲ್ಲಿ ಒಂದು ಚಮಚ ತೂರಿಸುವಷ್ಟು ಬಿರುಕು ಸಿಗದೆ ತಿಂಗಳಾಗುತ್ತ ಬಂದಿತ್ತು.

ಮಗಳ ಹೆಸರು ಚಿಯೊ. ಆರು ತಿಂಗಳು ತುಂಬಿ, ದಿಂಬಿಗೊರಗಿಸಿದರೆ ಮಹಾರಾಣಿಯ ಹಾಗೆ ಒರಗಿ ಕೂರುವ ವಯಸ್ಸು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ: ಟಿ.ವಿ. ರಿಮೋಟು, ಅಮ್ಮನ ಡ್ಯೂಟಿ ಟೋಪಿ, ಪಕ್ಕದ ಮನೆಯ ಬೆಕ್ಕಿನ ಬಾಲ (ಬೆಕ್ಕು ಒಪ್ಪಲಿಲ್ಲ). ಆದರೆ ಅಪ್ಪ ಗಂಜಿಯ ಬಟ್ಟಲು ಹಿಡಿದು ಎದುರಿಗೆ ಕೂತನೋ, ಮುಗೀತು. ಆ ಪುಟ್ಟ ತುಟಿಗಳಿಗೆ ಬೀಗ ಬೀಳುತ್ತಿತ್ತು.

ಇದನ್ನೆಲ್ಲ ಮೈಮೇಲೆ ಎಳೆದುಕೊಂಡವನು ಅವನೇ ಅನ್ನಿ. ಹೆಂಡತಿ ಫುಮಿಯೆ ಊರ ಬಸ್ಸಿನ ಡ್ರೈವರು. ಹೆರಿಗೆ ರಜೆ ಮುಗಿಸಿ ಅವಳು ಸ್ಟಿಯರಿಂಗ್ ಹಿಡಿದಾಗ, ಮಗು ನೋಡಿಕೊಳ್ಳಲು ಇಸಾಮು ರಜೆ ಬರೆದು ಕೊಟ್ಟ. ಅವನ ವಿಭಾಗದಲ್ಲಿ ಹಿಂದೆ ಯಾವ ಗಂಡಸೂ ಇಂಥ ರಜೆ ಕೇಳಿದ್ದಿಲ್ಲ. ಮೇಸ್ತ್ರಿ ಕುಮಗಾಯಿ ಹಲ್ಲುಕಿರಿದು, "ಹೋಗಪ್ಪಾ, ಹಾಲೂಡಿಸಿಕೊಂಡು ಬಾ" ಎಂದಿದ್ದ. ಇಸಾಮು ಎದೆಯುಬ್ಬಿಸಿ, "ನೋಡ್ತಿರಿ ಮೇಸ್ತ್ರಿ, ನಾನು ವಾಪಸು ಬರೋ ಹೊತ್ತಿಗೆ ನನ್ನ ಮಗಳು ಮೀನು ಅನ್ನ ತಿಂತಿರ್ತಾಳೆ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದ. ಬಾಯಿ ಸುಮ್ಮನಿರಬಾರದೆ!

ಬೇಸಿಗೆ ಕಳೆದರೆ ರಜೆ ಮುಗಿಯುತ್ತದೆ. ಚಿಯೊ ಶಿಶುವಿಹಾರಕ್ಕೆ ಸೇರಬೇಕು. ಮನೆಯಲ್ಲಿ ತಿಂದು ಅರಗಿಸಿಕೊಂಡ ಪದಾರ್ಥವನ್ನಷ್ಟೇ ಅಲ್ಲಿಯವರು ಬಡಿಸುವುದು. ಏನನ್ನೂ ತಿಂದಿಲ್ಲದ ಮಗುವಿನ ಮುಂದೆ ಏನಿಡುತ್ತಾರೆ? ಖಾಲಿ ತಟ್ಟೆ. ಆ ಖಾಲಿ ತಟ್ಟೆ ಇಸಾಮುವಿನ ಕನಸಿನಲ್ಲೂ ಬರುತ್ತಿತ್ತು.

ಪ್ರಯತ್ನದಲ್ಲಿ ಮಾತ್ರ ಅವನು ಕೊರತೆ ಮಾಡಲಿಲ್ಲ. ಊರ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ಮೊದಲ ಊಟ ಕಲಿಸುವ ಪಾಠಕ್ಕೆ ತಾಯಂದಿರ ನಡುವೆ ಒಬ್ಬನೇ ಗಂಡಸಾಗಿ ಮುಂದಿನ ಸಾಲಲ್ಲಿ ಕೂತು ಬಂದ. ಪಾಠದಮ್ಮ ಹೇಳಿದ್ದು ಸುಲಭ: ಒಂದು ಪಾಲು ಅಕ್ಕಿಗೆ ಹತ್ತು ಪಾಲು ನೀರು, ಚೆನ್ನಾಗಿ ನುಣ್ಣಗೆ ಮಾಡಿ, ದಿನಕ್ಕೆ ಒಂದು ಚಮಚ. ಹೊಸ ಪದಾರ್ಥ ಕೊಡುವುದಾದರೆ ವಾರದ ದಿನ ಬೆಳಿಗ್ಗೆ ಕೊಡಿ, ಮೈಗೆ ಒಗ್ಗದಿದ್ದರೆ ಡಾಕ್ಟರು ಸಿಗುತ್ತಾರೆ. ಉಳಿದ ತಾಯಂದಿರು ಇದನ್ನು ಕೇಳಿ ಮನೆಗೆ ಹೋದರು. ಇಸಾಮು ಹಡಗಿನ ನಕ್ಷೆಯ ಹಾಗೆ ತಲೆಯಲ್ಲಿ ಹೊತ್ತು ತಂದ.

"ರೀ, ಇದು ಗಂಜಿನೋ, ಗೋಡೆಗೆ ಬಳಿಯೋ ಸುಣ್ಣಾನೋ?" ಅಂದಳು ಫುಮಿಯೆ, ಡ್ಯೂಟಿಗೆ ಹೊರಡುತ್ತ.

"ಸರಿಯಾಗಿ ಹತ್ತು ಪಾಲು ನೀರು. ತೊಟ್ಟು ಹೆಚ್ಚಿಲ್ಲ, ತೊಟ್ಟು ಕಮ್ಮಿ ಇಲ್ಲ. ಎರಡು ಸಲ ಸೋಸಿದೀನಿ."

"ಇನ್ನೊಂದ್ಸಲ ಸೋಸಿ. ಬಟ್ಟಲಲ್ಲಿ ಏನೂ ಉಳಿಯಲ್ಲ, ತೊಳೆಯೋ ಕೆಲಸಾನೂ ಇರಲ್ಲ."

ಚಿಯೊ ಆ ಗಂಜಿಯನ್ನು ಗಲ್ಲದ ಮೇಲೆ ಹರಿಯಬಿಟ್ಟಳು. ಕುಂಬಳಕಾಯಿ ಬೇಯಿಸಿ ಅರೆದ. ಅದು ಅವನ ಕನ್ನಡಕಕ್ಕೆ ಹೋಯಿತು. ತೋಫು ಹಿಸುಕಿದ, ಅದು ಅವನ ಅಂಗಿಯ ತೋಳಿನೊಳಗೆ ಇಳಿಯಿತು. ಬಿಳಿ ಮೀನಿನ ಮುಳ್ಳನ್ನು ಭೂತಗನ್ನಡಿ ಹಿಡಿದು ತೆಗೆದ. ಚಿಯೊ ಸೀನಿದಳು, ಆ ಮೀನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಚಮಚವನ್ನು ವಿಮಾನ ಮಾಡಿದ, ದೋಣಿ ಮಾಡಿದ, ಕೊನೆಗೆ ಫುಮಿಯೆಯ ಬಸ್ಸು ಮಾಡಿ "ಬಾಗಿಲು ತೆಗೀರಿ, ಬಾಗಿಲು ತೆಗೀರಿ" ಎಂದು ಹಾಡಿದ. ಬಾಗಿಲು ತೆಗೆಯಲಿಲ್ಲ. ಮಿಕ್ಕಿದ್ದನ್ನು ಎಸೆದರೆ ಅನ್ನಕ್ಕೆ ಮಾಡಿದ ಅವಮಾನವಲ್ಲವೆ? ಹಾಗಾಗಿ ಎಲ್ಲವನ್ನೂ ಸೋಯಾ ಸಾಸು ಸುರಿದುಕೊಂಡು ಅವನೇ ತಿಂದ. ತೂಕ ಏರಬೇಕಾದವಳು ಮಗಳು, ಏರಿದವನು ಅಪ್ಪ.

ಒಂದು ಸಂಜೆ ಅವನು ಬಟ್ಟಲು ತೊಳೆಯುತ್ತ ತೊಳೆಯುತ್ತ ನಿಂತುಬಿಟ್ಟ.

"ಫುಮಿಯೆ, ಅವಳಿಗೆ ನಾನಂದ್ರೆ ಆಗಲ್ಲ ಕಣೆ."

"ಥೂ, ಬಿಡ್ತು ಅನ್ನಿ. ಆರು ತಿಂಗಳ ಕೂಸಿಗೆ ಅದೆಲ್ಲ ಎಲ್ಲಿಂದ ಬರ್ಬೇಕು?"

"ನಿನ್ನ ಕೈಲಿ ಸೀಸೆ ಹಾಲು ಕುಡೀತಾಳೆ. ನಿಮ್ಮಮ್ಮ ಎತ್ಕೊಂಡ್ರೆ ಅವರ ಬೆರಳು ಚೀಪ್ತಾಳೆ. ಒಣಮೀನು ಮುಟ್ಟಿದ ಬೆರಳು! ನಾನು ಚಮಚ ಹಿಡಿದು ಎದುರಿಗೆ ಬಂದ್ರೆ ಮಾತ್ರ ಬಾಯಿ ಮುಚ್ಕೋತಾಳೆ. ದಿನವಿಡೀ ಜೊತೇಲಿರೋನು ನಾನು." ಫುಮಿಯೆ ನಗಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ, ಕೈಯಲ್ಲಿದ್ದ ಬಟ್ಟಲು ಇಸಿದುಕೊಂಡು ತಾನೇ ತೊಳೆದಳು.

ಅತ್ತೆ ತೊಕಿಯೊ ಸುಮ್ಮನಿರುವ ಪೈಕಿಯಲ್ಲ. ಗುಡ್ಡದ ಬುಡದಲ್ಲಿ ಅವಳ ಒಣಮೀನಿನ ಅಂಗಡಿ, ಗುಡ್ಡದ ನೆತ್ತಿಯಲ್ಲಿ ಅಳಿಯನ ಮನೆ, ನಡುವೆ ಬರೀ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲನ್ನೆಲ್ಲ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದುದೇ ಉಪದೇಶ ಮಾಡುವುದಕ್ಕೆ.

"ಅಳಿಯಂದ್ರೇ, ನಿಮ್ಮ ಹೆಂಡ್ತಿಗೆ ನಾನು ಅಗಿದಗಿದು ಬಾಯಿಗಿಟ್ಟು ಬೆಳೆಸಿದ್ದು. ಇವತ್ತು ಬಸ್ಸು ಓಡಿಸ್ತಿಲ್ವಾ?"

"ಅಯ್ಯೋ ಅತ್ತೆ! ಬಾಯಲ್ಲಿ ರೋಗಾಣು ಇರುತ್ತೆ."

"ಯಾರ ಬಾಯಲ್ಲಿ?"

ಇಸಾಮು ಮೆಲ್ಲಗೆ ಗಂಜಿ ಸೋಸಲು ಎದ್ದುಹೋದ. ಅವನೂ ಸಂಸಾರಸ್ಥ.

ಇಷ್ಟರಲ್ಲಿ ಮೊಟ್ಟೆಯ ಸರದಿ ಬಂತು. ಪಾಠದಮ್ಮ ಹೇಳಿದ್ದಳು: ಮೊಟ್ಟೆ ಗಟ್ಟಿಯಾಗಿ ಬೇಯಬೇಕು, ಹಳದಿಯ ನಡುಭಾಗ ಮಾತ್ರ, ಮೊದಲ ದಿನ ಕಿವಿಯ ಗುಗ್ಗೆ ತೆಗೆಯುವ ಗುಗ್ಗೆಕಡ್ಡಿಯ ತುದಿಯಷ್ಟು. ಆ ನಾಡಿನಲ್ಲಿ ಎಲ್ಲ ತಾಯಂದಿರೂ ಹೇಳುವ ಅಳತೆ ಅದು. 'ಚೂರೇ ಚೂರು' ಎಂದು ಅರ್ಥ. ಆದರೆ ಇಸಾಮು ಅಳತೆಯ ಮನುಷ್ಯ. ಪೇಟೆಗೆ ಹೋಗಿ ಬಿದಿರಿನ ಹೊಸ ಗುಗ್ಗೆಕಡ್ಡಿಯನ್ನೇ ಕೊಂಡು ತಂದ. ಕುದಿಯುವ ನೀರಲ್ಲಿ ಹಾಕಿದ, ಬಿಸಿಲಲ್ಲಿ ಒಣಗಿಸಿದ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ.

"ರೀ, ಏನಿದು?"

"ಮೊಟ್ಟೆಗೆ."

"ಮೊಟ್ಟೆಗೆ ಎಲ್ಲಿದೆ ಕಿವಿ?"

ಆಮೇಲೆ ತಾಲೀಮು. ಹಳದಿ ಪುಡಿಪುಡಿಯಾಗಬಾರದು, ಬಿಳಿಯ ಸೋಂಕು ತಗಲಬಾರದು. ಒಂದು ದಿನ ಮೊಟ್ಟೆ ಒಡೆಯಿತು, ಒಂದು ದಿನ ಹಳದಿ ಹಸಿರಾಯಿತು, ಇನ್ನೊಂದು ದಿನ ಎಲ್ಲ ಸರಿಯಾಯಿತು ಅನ್ನುವಾಗ ಮಧ್ಯಾಹ್ನವಾಗಿತ್ತು, ಡಾಕ್ಟರು ಬಾಗಿಲು ಹಾಕಿದ್ದರು. ಪ್ರತಿ ಮೊಟ್ಟೆಯಲ್ಲೂ ಕಡ್ಡಿಯ ತುದಿಯಷ್ಟು ಬಿಟ್ಟು ಉಳಿದದ್ದೆಲ್ಲ ಯಾರ ಹೊಟ್ಟೆಗೆ? ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೊಟ್ಟೆ, ಸಂಜೆ ಅನ್ನದ ಮೇಲೆ ಮೊಟ್ಟೆ. ಕೋಳಿ ಕೂಗಿದರೆ ಇಸಾಮುವಿಗೆ ತೇಗು ಬರುವ ಸ್ಥಿತಿ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಮೆಟ್ಟಿಲಿನದು. ಗುಡ್ಡದ ನೆತ್ತಿಯಲ್ಲಿ ಮಗುವಿಗೆ ಮೊಟ್ಟೆ ಕೊಟ್ಟು ಮೈಮೇಲೆ ದದ್ದು ಎದ್ದರೆ? ಆಂಬುಲೆನ್ಸು ಮನೆ ಬಾಗಿಲಿಗೆ ಬರುವುದಿಲ್ಲ. ಆದ್ದರಿಂದ ಮೊಟ್ಟೆಯನ್ನೇ ಡಾಕ್ಟರ ಬಾಗಿಲಿಗೆ ಒಯ್ಯುವುದೆಂದು ತೀರ್ಮಾನಿಸಿದ. ಮಕ್ಕಳ ಡಾಕ್ಟರು ಉತ್ಸುಮಿಯಮ್ಮನ ಆಸ್ಪತ್ರೆ ಅತ್ತೆಯ ಅಂಗಡಿಗೆ ಎದುರೇ ಇತ್ತು, ಮುಂದೆ ಒಂದು ಬೆಂಚು. ಮಂಗಳವಾರ ಬೆಳಿಗ್ಗೆ ಚಿಯೊಳನ್ನು ಎದೆಗೆ ಕಟ್ಟಿಕೊಂಡು, ಬೆಂದ ಮೊಟ್ಟೆ, ಗುಗ್ಗೆಕಡ್ಡಿ, ಕಾರ್ಖಾನೆಯ ಟಾರ್ಚು ಎಲ್ಲ ಚೀಲಕ್ಕೆ ತುಂಬಿ ಇಳಿದ. ಉರಿಬಿಸಿಲು. ಬೆಂಚು ಮುಟ್ಟುವ ಹೊತ್ತಿಗೆ ಅಂಗಿಯೆಲ್ಲ ಬೆನ್ನಿಗೆ ಅಂಟಿತ್ತು.

ಅತ್ತೆ ಅಂಗಡಿಯಿಂದ ಓಡಿಬಂದು ಮೊಮ್ಮಗಳ ಕೆನ್ನೆ ಹಿಂಡಿದಳು. "ನನ್ನ ಬಂಗಾರೀ! ಅಪ್ಪ ಏನು ಮಾಡ್ತಿದಾನೆ ನೋಡು, ಕಿವಿ ಕೆರೆಯೋ ಕಡ್ಡೀಲಿ ತಿಂಡಿ!"

"ಅತ್ತೆ, ದಯವಿಟ್ಟು ಮಾತಾಡಿಸ್ಬೇಡಿ. ಅಳತೆ ತಪ್ಪುತ್ತೆ."

ಅವನು ಹಳದಿಯ ನಡುವಿನಿಂದ ಒಂದು ಚೂರು ತೆಗೆದು ಕಡ್ಡಿಯ ತುದಿಯಲ್ಲಿಟ್ಟು ಕಾದ. ಚಿಯೊ ತುಟಿ ಬಿಗಿದಳು. ಬಸ್ಸು ಬಂತು, ಹೋಯಿತು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ಸುತ್ತ ನಿಂತರು. ಇಸಾಮು ಕಾದ. ಆಗ ಬಿಸಿಲಿಗೆ ಚಿಯೊಳಿಗೆ ಆಕಳಿಕೆ ಬಂತು! ಕಡ್ಡಿ ಒಳಗೆ ಹೋಗಿ ಹೊರಗೆ ಬಂತು. ತುದಿ ಖಾಲಿ. ಅವಳು ಚಪ್ಪರಿಸಿದಳು, ಮುಖ ಹುಳ್ಳಗೆ ಮಾಡಿದಳು, ನುಂಗಿದಳು.

"ನುಂಗಿದ್ಲು!" ಎಂದು ಇಸಾಮು ಕೂಗಿದ ಕೂಗಿಗೆ ಒಣಮೀನಿನ ಮೇಲಿದ್ದ ಬೆಕ್ಕು ಹಾರಿತು. ಸಂತೋಷ ಪಟ್ಟದ್ದು ಅಷ್ಟೇ. ಟಾರ್ಚು ಹಾಕಿ ಮಗಳ ಮುಖ ಪರೀಕ್ಷಿಸಿದವನ ಜೀವ ಬಾಯಿಗೆ ಬಂತು. ಎಡಗೆನ್ನೆಯ ಮೇಲೆ ಕೆಂಪಗೆ, ಕಾಸಿನಗಲದ ಗುರುತು.

ಆಸ್ಪತ್ರೆಯ ಬಾಗಿಲು ಅವನು ದೂಡಿದ್ದು ಯಾವ ಕೈಯಲ್ಲಿ ಅಂತ ಅವನಿಗೇ ಗೊತ್ತಿಲ್ಲ. "ಡಾಕ್ಟ್ರೇ, ಮೊಟ್ಟೆ! ದದ್ದು! ನನ್ನ ಮಗಳು! ನಾನೇ ಕೊಟ್ಟೆ, ಈ ಪಾಪಿ ಕೈಯಿಂದ!"

ಉತ್ಸುಮಿಯಮ್ಮ ಹತ್ತಿಯನ್ನು ನೀರಿಗದ್ದಿ ಚಿಯೊಳ ಕೆನ್ನೆ ಒರೆಸಿದಳು. ದದ್ದು ಹತ್ತಿಗೆ ಬಂತು. ಮೂಸಿ ನೋಡಿದಳು. "ಕೆಂಪು ಶಿಸೊ ಎಲೆಯ ರಸ ಇದು, ಉಪ್ಪಿನಕಾಯಿಗೆ ಬಣ್ಣ ಕೊಡೋದು. ಯಾರೋ ಉಮೆ ಹಣ್ಣಿನ ಉಪ್ಪಿನಕಾಯಿ ಹಾಕ್ತಿದ್ರು ಅನ್ಸುತ್ತೆ."

ಬಾಗಿಲಲ್ಲಿ ನಿಂತಿದ್ದ ತೊಕಿಯೊ ಕೆಂಪು ಹತ್ತಿದ ಬೆರಳುಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

"ಮಗು ಚೆನ್ನಾಗಿದೆ. ಆದ್ರೆ ನಿಮಗೇನಾಗಿದೆ?" ಅಂದಳು ಡಾಕ್ಟರಮ್ಮ. ಇಸಾಮು ಪಕ್ಕದ ಕನ್ನಡಿ ನೋಡಿದ. ಕುತ್ತಿಗೆಯಿಂದ ಕಿವಿಯವರೆಗೆ ದದ್ದು, ಮುಖ ಬೇಯಿಸಿದ ಆಕ್ಟೋಪಸ್ಸು. ಹೊಟ್ಟೆಯಲ್ಲಿ ಏನೋ ಮಗುಚಿಕೊಂಡಿತು. ಅವನು ಅಲ್ಲೇ ಕುಸಿದ. ಮಕ್ಕಳ ಮಂಚದ ಮೇಲೆ ಮಲಗಿಸಿದರು, ಮೊಣಕಾಲಿಂದ ಕೆಳಗೆ ಎರಡು ಕಾಲೂ ಗಾಳಿಯಲ್ಲಿ. ಇಂಜೆಕ್ಷನ್ನಿಗೆ ಅಳಲಿಲ್ಲವೆಂದು ನರ್ಸು ಅಭ್ಯಾಸಬಲದಿಂದ ಕಪ್ಪೆಯ ಚಿತ್ರವನ್ನು ಅವನ ತೋಳಿಗೆ ಅಂಟಿಸಿ ಹೋದಳು.

"ಇದು ಮೊಟ್ಟೆ ಅತಿಯಾದ ದದ್ದು. ಎಷ್ಟು ದಿನದಿಂದ ತಿಂತಿದೀರಿ?" ಡಾಕ್ಟರಮ್ಮ ಕೇಳಿದಳು. ಅವನು ಹೇಳಿದ. ಅವಳು ಚೀಟಿ ಎಳೆದುಕೊಂಡು ಬರೆಯತೊಡಗಿದಳು. "ಮೊಟ್ಟೆ ಬಂದ್. ಹೊಟ್ಟೆ ಸರಿಹೋಗೋವರೆಗೆ ಬರೀ ಗಂಜಿ. ಹತ್ತು ಪಾಲು ನೀರು ಹಾಕಿ, ನುಣ್ಣಗೆ ಮಾಡಿ. ಉಪ್ಪು ಬೇಡ. ಒಂದೊಂದೇ ಚಮಚ."

ಅತ್ತೆ ಸೆರಗು ಇರುವ ದೇಶದವಳಾಗಿದ್ದರೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳು. ಏಪ್ರನ್ನು ತುರುಕಿಕೊಂಡಳು.

ಸಂಜೆ ಫುಮಿಯೆ ಗಂಡನನ್ನು ದಿಂಬಿಗೊರಗಿಸಿ, ಕುತ್ತಿಗೆಗೆ ಟವೆಲು ಕಟ್ಟಿ, ಬಟ್ಟಲು ಹಿಡಿದು ಎದುರಿಗೆ ಕೂತಳು.

"ಆ ಅನ್ನಿ."

ಒಂದು ಚಮಚ ಒಳಗೆ ಹೋಯಿತು. ಸಾಸಿಲ್ಲದೆ, ಉಪ್ಪಿಲ್ಲದೆ, ಬರಿಗಂಜಿ. ಇಸಾಮುವಿನ ಮುಖ ಹಿಂಡಿಕೊಂಡಿತು. "ಥೂ! ಇದೇನೇ ಇದು, ಅಂಟು ಇದ್ದ ಹಾಗಿದೆ!"

"ಓಹೋಹೋ! ಮಗೂಗೆ ಮಾತು ಬರದೆ ಹೋಯ್ತಲ್ಲಪ್ಪ, ನಿಮಗೆ ಹೇಳೋಕೆ. ಆ ಅನ್ನಿ ಅಂದೆ!"

ಅವನು ಮೋರೆ ತಿರುಗಿಸಿದ. ಅವಳು ಚಮಚ ತಿರುಗಿಸಿದಳು. ಅಷ್ಟರಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತಿದ್ದ ಚಿಯೊ ಕಿಟಾರನೆ ಕಿರುಚಿದಳು. ಕಣ್ಣು ಆ ಚಮಚದ ಮೇಲೆ. ಎರಡು ಕೈ ಚಾಚಿ, ಮೈಯೆಲ್ಲ ಮುಂದೆ ಎಸೆದು, ಬಾಯಿ ಅಗಲಿಸಿ ಬಂದವಳು ಅಪ್ಪನ ಬಾಯಿಗೆ ಹೋಗುತ್ತಿದ್ದ ಗಂಜಿಯನ್ನು ಗಬಕ್ಕನೆ ಕಸಿದಳು. ನುಂಗಿದಳು. ಮತ್ತೆ ಬಾಯಿ ತೆರೆದಳು.

ಫುಮಿಯೆ ಮಗುವಿಗೆ ನೇರವಾಗಿ ಒಂದು ಚಮಚ ಕೊಟ್ಟು ನೋಡಿದಳು, ತುಟಿ ಮುಚ್ಚಿತು. ಇಸಾಮುವಿನ ಬಾಯಿಯ ಹತ್ತಿರ ಒಯ್ದಳು. ಚಿಯೊ ಕಸಿದು ತಿಂದಳು. ಬಟ್ಟಲು ಬರಿದಾಯಿತು. ಗಲ್ಲಕ್ಕೆಲ್ಲ ಗಂಜಿ ಮೆತ್ತಿಕೊಂಡು ಅವಳು ಅಪ್ಪನ ಮುಖ ನೋಡಿ ಬೊಚ್ಚುಬಾಯಿ ನಕ್ಕಳು. ಇಸಾಮು ಗೊಳೋ ಎಂದು ಅತ್ತುಬಿಟ್ಟ. "ತಿಂದ್ಲು ಕಣೆ! ನನ್ನ ಗಂಜಿ ತಿಂದ್ಲು! ನನ್ನ ಬಾಯಿಂದಲೇ ತಿಂದ್ಲು!" ಅವನ ಹೊಟ್ಟೆ ಗುರ್ ಎಂದಿತು. ಅದನ್ನು ಕೇಳುವವರು ಯಾರಿದ್ದರು?

ಹೊಟ್ಟೆ ಸರಿಹೋಯಿತು. ಊಟದ ಪದ್ಧತಿ ಮಾತ್ರ ಹಾಗೇ ಉಳಿಯಿತು. ಬೆಳಿಗ್ಗೆ ಟವೆಲು ಕಟ್ಟಿಸಿಕೊಂಡು ಇಸಾಮು ಕೂರಬೇಕು, ಹೆಂಡತಿಯೋ ಅತ್ತೆಯೋ "ಆ" ಅನ್ನಿಸಬೇಕು, ಆಗ ಮಾತ್ರ ಚಿಯೊಳಿಗೆ ಹಸಿವು. ಕುಂಬಳಕಾಯಿ, ತೋಫು, ಮೀನು, ಕೊನೆಗೆ ಮೊಟ್ಟೆ, ಎಲ್ಲ ಕಸಿದಳು. ಮೆಟ್ಟಿಲು ಹತ್ತಿ ಹೋಗುವವರು ಕಿಟಕಿಯಲ್ಲಿ ಇಣುಕಿ, "ಪಾಪ, ಇಷ್ಟು ಚಿಕ್ಕ ವಯಸ್ಸಿಗೇ" ಎಂದುಕೊಂಡು ಹೋಗುತ್ತಿದ್ದರು. ಹೋಗಲಿ, ಮಗಳು ತಿನ್ನುತ್ತಾಳಲ್ಲ! ರಜೆ ಮುಗಿಸಿ ಅವನು ಎದೆಯುಬ್ಬಿಸಿಕೊಂಡೇ ಕಾರ್ಖಾನೆಗೆ ಹೋದ. "ಮೇಸ್ತ್ರಿ, ಮೀನು ಅನ್ನ ತಿಂತಾಳೆ!" ಎಂದು ಬಾಗಿಲಲ್ಲೇ ಹೇಳಿದ. ಕುಮಗಾಯಿ ಕೂಡ ಒಪ್ಪಿಕೊಂಡು ಬೆನ್ನು ತಟ್ಟಿದ.

ಅವತ್ತೇ ಮಧ್ಯಾಹ್ನ, ಸಾವಿರಾರು ಜನ ಬುತ್ತಿ ಬಿಚ್ಚುವ ಹೊತ್ತಿಗೆ, ಕಾರ್ಖಾನೆಯ ಧ್ವನಿವರ್ಧಕ ಕರಕರ ಅಂದಿತು. ಮೇಸ್ತ್ರಿ ಕುಮಗಾಯಿಯ ಗಂಟಲು. ನಗು ತಡೆದುಕೊಳ್ಳಲು ಅವನು ಪಡುತ್ತಿದ್ದ ಕಷ್ಟ ಹಡಗಿನ ತಳದಲ್ಲಿದ್ದವರಿಗೂ ಕೇಳಿಸಿತು.

"ಬೆಸುಗೆ ವಿಭಾಗದ ಇಸಾಮು ಎಲ್ಲಿದ್ರೂ ಕೂಡಲೇ ಬರಬೇಕು. ಶಿಶುವಿಹಾರದಿಂದ ಟೀಚರು ಫೋನ್ ಮಾಡಿದಾರೆ. ಊಟದ ಹೊತ್ತಾಯ್ತಂತೆ. ಟವೆಲು ಕಟ್ಟಿ ನಿನಗೆ ತಿನ್ನಿಸೋಕೆ ಕಾಯ್ತಿದಾರಂತೆ, ಹೋಗಪ್ಪಾ!"