ಕೊಂಬಿನವರ ಸಂತೆ

ಅಂದು ಬೆಳಿಗ್ಗೆ ಪೆರಿಜಾತ್ ತನ್ನ ಅಭಿಪ್ರಾಯವನ್ನು ಎರಡು ತುಂಡು ಮಾಡಿ ಫೋನಿನಲ್ಲಿ ಕಳಿಸಿದಳು. ಮೊದಲನೇ ತುಂಡು ಸಿಗ್ನಲ್ ಸಿಗದೆ ಅಲ್ಲೇ ಗಿರಗಿರ ಸುತ್ತುತ್ತ ಕುಳಿತಿತು. ಎರಡನೆಯದು ಮಾತ್ರ ಊರಿನ ಅಷ್ಟೂ ಹೆಂಗಸರ ಕಿವಿಗೆ ಹೋಗಿ ಬಿತ್ತು. ಅವಳ ಗ್ರಹಚಾರ ಕೆಡಲು ಅಷ್ಟು ಸಾಕಾಯಿತು.

ಅಭಿಪ್ರಾಯವೆಂದರೆ ಸರ್ಕಾರದ ಬಗ್ಗೆ ಅಲ್ಲ, ಪುಸ್ತಕದ ಬಗ್ಗೆ. ನರೀನ್ ಹೊಳೆಯ ದಡದ ಆ ಊರಿನ ಹೆಂಗಸರದ್ದೇ ಒಂದು ವಾಟ್ಸಾಪ್ ಗುಂಪಿತ್ತು. ಕಳೆದುಹೋದ ಕರು, ಮಾರಾಟಕ್ಕಿರುವ ಆಲೂಗಡ್ಡೆ, ಯಾರ ಮನೆಗೆ ಯಾರು ಬಂದರೆಂಬ ವಾರ್ತೆ, ಇವುಗಳ ನಡುವೆ ವಾರಕ್ಕೊಮ್ಮೆ ಪೆರಿಜಾತ್ ತಾನು ಓದಿದ ಕಾದಂಬರಿಯ ಬಗ್ಗೆ ಮಾತಾಡಿ ಕಳಿಸುತ್ತಿದ್ದಳು. ಪ್ರೇಮದ ಕತೆ, ಇಲ್ಲವೇ ಹಳೆಯ ಕಾಲದ ಹೆಂಗಸರ ಕತೆ. ಹಾಲು ಕರೆಯುತ್ತ ಕೇಳಲು ಚೆನ್ನಾಗಿರುತ್ತದೆಂದು ಎಲ್ಲರೂ ಕೇಳುತ್ತಿದ್ದರು.

ಅವಳ ನಾಲಿಗೆಗೆ ದಾಕ್ಷಿಣ್ಯವಿರಲಿಲ್ಲ. "ಈ ಡಾಕ್ಟರಿಗೆ ದಟ್ಟ ಹುಬ್ಬಿದೆ, ಅಗಲವಾದ ಎದೆಯಿದೆ, ಎಲ್ಲಾ ಇದೆ. ಇಡೀ ಪುಸ್ತಕದಲ್ಲಿ ಒಬ್ಬೇ ಒಬ್ಬ ರೋಗೀನ ಮುಟ್ಟಿ ನೋಡಲಿಲ್ಲ ಪುಣ್ಯಾತ್ಮ" ಎಂದು ಒಂದು ಪ್ರೇಮ ಕಾದಂಬರಿಗೆ ಮಂಗಳಾರತಿ ಮಾಡಿದ್ದಳು. ರೇಷ್ಮೆಯ ವ್ಯಾಪಾರಕ್ಕೆ ಹೊರಟ ಹೆಣ್ಣಿನ ಕತೆಗೆ, "ತಿಂಗಳುಗಟ್ಟಲೆ ಒಂಟೆ ಮೇಲೆ ಕೂತು ಬಂದೋಳ ಕೂದಲಿಂದ ಗುಲಾಬಿ ವಾಸನೆ ಬರುತ್ತಂತೆ. ಬರೆದೋರು ಯಾವತ್ತಾದ್ರೂ ಒಂಟೆ ಪಕ್ಕ ನಿಂತಿದ್ದಾರಾ?" ಎಂದು ಕೇಳಿದ್ದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳನ್ನು ಚಹಾ ಆಯಿತಾ, ಸಗಣಿ ಬಾಚಿದೆಯಾ ಎಂಬುದನ್ನು ಬಿಟ್ಟು ಯಾರೂ ಏನನ್ನೂ ಕೇಳಿರಲಿಲ್ಲ. ವಾರದ ಆ ಐದು ನಿಮಿಷ ಮಾತ್ರ ಅವಳದ್ದು. ಅದನ್ನು ಕಿತ್ತುಕೊಂಡರೆ ಅವಳ ಹತ್ತಿರ ಉಳಿಯುವುದು ಹಸುಗಳು.

ಪುಸ್ತಕ ತಂದುಕೊಡುತ್ತಿದ್ದವರು ಮಾವ. ಸಂತೆಯ ದಿನ ನುಣ್ಣಗೆ ಗಡ್ಡ ಬೋಳಿಸಿಕೊಂಡು, ಹಳೇ ಕಾರು ಹತ್ತಿ, ಹೊಳೆಯಾಚೆಯ ಊರಿನ ಲೈಬ್ರರಿಗೆ ಹೋಗಿ ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತಿದ್ದರು. "ಸೊಸೆ ಕೈಲಿ ಪುಸ್ತಕ ಇದ್ರೆ ಒಲೆ ಮೇಲೆ ಹಾಲು ಉಕ್ಕುತ್ತೆ" ಎಂದು ಅತ್ತೆ ಕಾಲಿಯ್ಪಾ ಗೊಣಗಿದರೆ, "ಉಕ್ಕಲಿ ಬಿಡು, ಓದೋ ಮಗು ಓದಲಿ" ಎನ್ನುತ್ತಿದ್ದರು. ಹೆತ್ತ ಅಪ್ಪನೂ ಅವಳಿಗಾಗಿ ಇಷ್ಟು ದೂರ ಕಾರು ಓಡಿಸಿರಲಿಲ್ಲ. ಮಾವನ ಚಹಾಕ್ಕೆ ಅವಳು ಕೆನೆ ಒಂದು ಚಮಚ ಜಾಸ್ತಿಯೇ ಹಾಕುತ್ತಿದ್ದಳು.

ಮಾವನ ಹೆಸರು ಕೊಚ್ಕೋರ್‌ಬಾಯ್. ಕತೆ ಹೇಳುವವರಿಗೆ ಅಡ್ಡಿಯಿಲ್ಲ, ಹೇಳಬಹುದು. ಸೊಸೆ ಹೇಳುವಂತಿಲ್ಲ. ಕೊಚ್ಕೋರ್ ಎಂದರೆ ಟಗರು, ಹಾಗಾಗಿ ಆ ಪದವೂ ಅವಳ ಬಾಯಿಗೆ ನಿಷಿದ್ಧ. ದೊಡ್ಡಿಯಿಂದ ಟಗರು ತಪ್ಪಿಸಿಕೊಂಡರೆ "ಕುರಿಗಳ ಯಜಮಾನರು ಓಡಿಹೋದ್ರು" ಎಂದು ಕೂಗಬೇಕು. ಊರವರ ಮುಂದೆ ಮಾವನ ವಿಷಯ ಬಂದರೆ "ಕೊಂಬಿನವರು" ಎನ್ನಬೇಕು. ಆ ಮನೆಯ ಕೊಂಬಿನವರು ಯಾರೆಂದು ಊರಿನ ಕೂಸಿಗೂ ಗೊತ್ತಿತ್ತು.

ಆ ವಾರ ಬಂದದ್ದು ಹಳೆಯ ಕಾಲದ ಒಬ್ಬ ಸರದಾರನ ಹೆಂಡತಿಯ ಕತೆ. ಬರೆದವಳಿಗೆ ಲೋಕದಲ್ಲಿ ಬೇರೆ ಹೆಸರೇ ಸಿಗಲಿಲ್ಲವೋ ಏನೋ, ಸರದಾರನಿಗೂ ಕೊಚ್ಕೋರ್‌ಬಾಯ್ ಎಂದೇ ಇಟ್ಟಿದ್ದಳು. ಪೆರಿಜಾತ್ ಜಾಣತನದಿಂದ ಮೊದಲನೇ ತುಂಡಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದಳು: ಇದು ಇಂಥ ಪುಸ್ತಕ, ನೂರಾರು ವರ್ಷದ ಹಿಂದಿನದು, ಸರದಾರರ ಹೆಸರು ನಾನು ಹೇಳೋ ಹಾಗಿಲ್ಲ, ಕೊಂಬಿನವರು ಅಂತೀನಿ, ತಪ್ಪು ತಿಳೀಬೇಡಿ. ಅದೇ ಹೋಗಲಿಲ್ಲ.

ಹೋದದ್ದು ಇದು:

"ಕೊಂಬಿನವರು ನೋಡೋಕೆ ಬಹಳ ಗಂಭೀರ. ಆದ್ರೆ ಸಂತೆ ದಿನ ಬಂತು ಅಂದ್ರೆ ಗಡ್ಡ ನೀಟು, ಮೀಸೆ ನೀಟು, ಹೊಳೆಯಾಚೆ ವಿಧವೆ ಮನೇಲಿ ಹಾಜರು. ಮನೇಲಿರೋ ಹೆಂಡ್ತಿಗೆ ಎಲ್ಲಾ ಗೊತ್ತು. ಗೊತ್ತಿದ್ದೂ ಕೋಟು ಒರೆಸಿ ಕೈಗೆ ಕೊಡ್ತಾಳೆ. ನನಗೆ ಸಿಟ್ಟು ಬರೋದು ಅವರ ಮೇಲಲ್ಲ, ಈ ಹೆಂಗಸಿನ ಮೇಲೆ. ಬಾಯಲ್ಲಿ ಅಷ್ಟು ದೊಡ್ಡ ನಾಲಿಗೆ ಇಟ್ಕೊಂಡು ಯಾಕೆ ಸುಮ್ಮನಿರ್ತಾಳೆ?"

ಮೊದಲು ಬಂದವರು ಪಕ್ಕದ ಮನೆಯ ಸೋನುನ್ ಎಜೆ, ಊರಿಗೆಲ್ಲ ಹಿರಿಯಕ್ಕ. ಹೆಪ್ಪಿಗೆ ಮೊಸರು ಬೇಕೆಂದು ಬಟ್ಟಲು ಹಿಡಿದು ಬಂದರು. ಊರಿನಲ್ಲಿ ಅವರಿಗಿಂತ ಹೆಚ್ಚು ಮೊಸರು ಯಾರ ಮನೆಯಲ್ಲೂ ಇರಲಿಲ್ಲ.

"ಅಲ್ಲ ಕಣೇ ಹುಡುಗಿ, ಎಂಥ ಧೈರ್ಯ ನಿನಗೆ!"

"ಧೈರ್ಯ ಏನು ಬಂತು ಎಜೆ, ಅನ್ನಿಸಿದ್ದು ಹೇಳ್ದೆ."

"ನೀನು ಕಣ್ಣಾರೆ ನೋಡಿದ್ಯಾ?"

"ಅಯ್ಯೋ, ಪೂರ್ತಿ ಓದಿದೀನಿ. ಎರಡು ಸಲ."

"ಕಾಗದ ಬೇರೆ ಬರೀತಾರಾ!" ಎಂದು ಸೋನುನ್ ಎಜೆ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿದರು.

ಪೆರಿಜಾತ್‌ಗೆ ತಲೆಬುಡ ತಿಳಿಯಲಿಲ್ಲ. ಚಹಾಪುಡಿ ತರಲು ಅಂಗಡಿಗೆ ಹೋದರೆ ಅಂಗಡಿಯಾಕೆ ತುರ್ಸುನ್‌ಕಾನ್ ಅವಳ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ನಿಮ್ಮತ್ತೆ ಪಾಪ, ಕೋಟು ಬೇರೆ ಒರೆಸಿಕೊಡ್ತಾರಾ?" ಎಂದಳು. ಆಗ ಪೆರಿಜಾತ್ ಫೋನು ತೆಗೆದು ನೋಡಿದಳು. ಮೊದಲನೇ ತುಂಡು ಇನ್ನೂ ಸುತ್ತುತ್ತಲೇ ಇತ್ತು.

ಎರಡನೆಯದನ್ನು ಅಳಿಸುವ ಕಾಲ ಮೀರಿತ್ತು, ಅರ್ಧ ಊರು ಅದನ್ನು ಮುಂದೆ ಕಳಿಸಿಯಾಗಿತ್ತು. ಸಿಗ್ನಲ್ ಸಿಗುತ್ತಿದ್ದದ್ದು ಹುಲ್ಲಿನ ಮೆದೆಯ ತುದಿಯಲ್ಲಿ ಮಾತ್ರ. ಅವಳು ಲಂಗ ಎತ್ತಿಕಟ್ಟಿ ಮೆದೆ ಹತ್ತಿ ಮೊದಲನೇ ತುಂಡನ್ನು ಮತ್ತೆ ಕಳಿಸಿದಳು. ಹೋಯಿತು. ಉಸಿರು ಬಿಟ್ಟಳು.

ಕೆಳಗೆ ಬೇಲಿಯಾಚೆ ಸೋನುನ್ ಎಜೆ ಐದಾರು ಹೆಂಗಸರೊಂದಿಗೆ ಅದನ್ನು ಕೇಳುತ್ತ ನಿಂತಿದ್ದರು.

"ಕೇಳಿದ್ರಾ? ಈಗ ಪುಸ್ತಕ ಅಂತೆ! ಹೆದರಿಕೊಂಡು ಮೆದೆ ಹತ್ತಿ ಹೊಸದಾಗಿ ಕಟ್ಟಿ ಕಳಿಸಿದಾಳೆ ಪಾಪ."

"ಎಜೆ, ದೇವರಾಣೆ ಪುಸ್ತಕವೇ!" ಪೆರಿಜಾತ್ ಮೇಲಿಂದಲೇ ಕೂಗಿದಳು. "ಅದರಲ್ಲಿರೋ ಸರದಾರನಿಗೂ ನಮ್ಮ ಮಾವನವರಿಗೂ ಒಂದೇ ಹೆಸರು!"

"ಹೌದಾ? ಹೆಸರು ಒಂದೇ, ಸಂತೆ ಒಂದೇ, ಹೊಳೆ ಒಂದೇ. ಗಡ್ಡ ಬೋಳಿಸೋ ಬ್ಲೇಡೂ ಒಂದೇನಾ? ಎಲ್ಲಿ, ಆ ಪುಸ್ತಕ ತೋರ್ಸು."

ಪುಸ್ತಕವನ್ನು ಮಾವ ಬೆಳಿಗ್ಗೆಯೇ ವಾಪಸು ಕೊಡಲು ತೆಗೆದುಕೊಂಡು ಹೋಗಿದ್ದರು. ಅಂದು ಸಂತೆಯ ದಿನ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಅವಳಿಗೇ ಅನ್ನಿಸಿತು, ಹೇಳಬಾರದಿತ್ತು. ಬೇಲಿಯಾಚೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅತ್ತೆ ಕಾಲಿಯ್ಪಾ, ಅಮ್ಮ ಎನ್ನುವಂತೆ ಸೊಸೆ ಅಪಾ ಎನ್ನುತ್ತಿದ್ದವರು, ಅಂದು ಮೇಲಿನ ಬೀದಿಯಲ್ಲಿ ಯಾರದೋ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದರು. ಶಾಸ್ತ್ರದ ಮನೆಯೆಂದರೆ ಊಟಕ್ಕೆ ಕುಳಿತ ಪ್ರತಿ ಹೆಂಗಸಿನ ಕೈಯಲ್ಲೂ ಒಂದು ಫೋನು. ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲೇ ಅಪಾ ಎದ್ದು ಬಂದರು. ಹಿಂದೆ ತೊಟ್ಟಿಲ ಶಾಸ್ತ್ರವೇ ಎದ್ದು ಬಂತು. ಕೆಲವರು ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಅಗಿಯುತ್ತಲೇ ಇದ್ದರು.

"ಇಳೀ ಕೆಳಗೆ!"

ಪೆರಿಜಾತ್ ಇಳಿದಳು. ತಲೆವಸ್ತ್ರದ ತುಂಬ ಹುಲ್ಲು.

"ಯಾವ ಕೊಂಬಿನವರು?"

"ಪುಸ್ತಕದವರು ಅಪಾ."

"ಅವರ ಹೆಸರೇನು?"

"ಅದನ್ನ ನಾನು ಹೆಂಗೆ ಹೇಳಲಿ ಅಪಾ? ನೀವೇ ಹೇಳಬಾರದು ಅಂದಿರೋದು."

"ನೋಡಿದ್ರಾ, ನಾಲಿಗೆ!" ಎಂದು ಅಪಾ ನೆರೆದವರತ್ತ ತಿರುಗಿದರು. "ನಾನು ಸುಮ್ಮನಿರೋಳಂತೆ! ಸಿಟ್ಟು ಬರೋದು ನನ್ನ ಮೇಲಂತೆ! ನಾನು ಯಾವಾಗ ಸುಮ್ಮನಿದ್ದೆ?"

ಇದನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ.

ಅಷ್ಟರಲ್ಲಿ ಹಳೇ ಕಾರು ಕೆಮ್ಮುತ್ತ ಬಂದು ಅಂಗಳದ ಬಾಗಿಲಲ್ಲಿ ನಿಂತಿತು. ಕೊಚ್ಕೋರ್‌ಬಾಯ್ ಕಂಕುಳಲ್ಲಿ ಎರಡು ಹೊಸ ಪುಸ್ತಕ ಇಟ್ಟುಕೊಂಡು, ಏನೋ ಗುನುಗುತ್ತ ಇಳಿದರು. ಅಂಗಳ ತುಂಬಿದ ಹೆಂಗಸರನ್ನೂ ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಡತಿಯನ್ನೂ ನೋಡಿದ್ದೇ ಗುನುಗುವುದು ನಿಂತಿತು.

"ಏ ಮುದುಕಾ, ಅಲ್ಲೇ ನಿಲ್ಲು. ಸೋನುನ್, ಹಾಕು ಅದನ್ನ."

ಸೋನುನ್ ಎಜೆ ಫೋನನ್ನು ಎತ್ತಿ ಹಿಡಿದರು. ಪೆರಿಜಾತ್‌ಳ ಸ್ವಂತ ಧ್ವನಿ ಅಂಗಳದ ತುಂಬ ಮೊಳಗಿತು. ಕೊಂಬಿನವರು. ಸಂತೆ ದಿನ. ಗಡ್ಡ. ಹೊಳೆಯಾಚೆ. ವಿಧವೆ. ಒಂದೊಂದು ಪದಕ್ಕೂ ಕೊಚ್ಕೋರ್‌ಬಾಯ್ ಒಂದೊಂದು ಇಂಚು ಕುಗ್ಗಿದರು. ಕೊನೆಗೆ ಕಾರಿಗೆ ಒರಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕಾಲಿಯ್ಪಾ, ನಾನೇ ಹೇಳಬೇಕು ಅಂತಿದ್ದೆ. ಜೀಪಾರ್ ಒಂದು ಬಟ್ಟಲು ಚಹಾ ಕೊಡ್ತಾಳೆ, ಅಷ್ಟೇ. ಗಂಡ ಸತ್ತೋಳು, ಪಾಪ. ಲೈಬ್ರರಿಗೆ ಬೀಗ ಹಾಕಿದ ಮೇಲೆ ಅವಳ ಮನೆಗೆ ಹೋಗಿ ಒಂದು ಗಳಿಗೆ ಕೂತು..."

"ಯಾವ ಜೀಪಾರ್?" ಎಂದರು ಅಪಾ ಮೆಲ್ಲಗೆ.

ಅಲ್ಲಿಯವರೆಗೆ ಆ ಹೆಸರನ್ನು ಯಾರೂ ಎತ್ತಿರಲಿಲ್ಲ.

ಪೆರಿಜಾತ್ ಮಾವನ ಕಂಕುಳಲ್ಲಿದ್ದ ಪುಸ್ತಕಗಳನ್ನು ನೋಡಿದಳು. ತಾನು ಓದಲೆಂದು ಆ ಕಾರು ಹೊಳೆ ದಾಟುತ್ತಿರಲಿಲ್ಲ, ಕಾರು ಹೊಳೆ ದಾಟಲೆಂದು ತಾನು ಓದುತ್ತಿದ್ದೆ ಎಂದು ಅವಳಿಗೆ ಹೊಳೆಯಿತು. ಇಷ್ಟು ದಿನ ಹಾಕಿದ ಕೆನೆಯೆಲ್ಲ ನೆನಪಾಯಿತು. ಅಳು ಬಂತು. ಆದರೂ ಈ ಮನುಷ್ಯ ಇನ್ನೆರಡು ಮಾತಾಡಿದರೆ ಮನೆ ಹೋಯಿತು, ಪುಸ್ತಕ ಹೋಯಿತು, ವಾರದ ಐದು ನಿಮಿಷವೂ ಹೋಯಿತು. ಮೊದಲು ಅವರ ಬಾಯಿ ಮುಚ್ಚಿಸಬೇಕು.

"ಅತಾ, ಸುಮ್ನಿರಿ!" ಎಂದು ಮಾವನತ್ತ ಕಿರುಚಿದಳು. "ಅದು ನೀವಲ್ಲ! ಪುಸ್ತಕದಲ್ಲಿರೋ ಕೊಚ್ಕೋರ್‌ಬಾಯ್!"

ಬೋರ್ಸೋಕ್ ಅಗಿಯುತ್ತಿದ್ದವರ ದವಡೆಗಳೂ ನಿಂತವು. ಹೆಂಗಸರೆಲ್ಲ ಒಟ್ಟಿಗೆ, ಯಾರೋ ಹೇಳಿಕೊಟ್ಟಂತೆ, ಕೇಳಬಾರದ್ದು ಕಿವಿಗೆ ಬಿದ್ದಾಗ ಆ ಊರಿನಲ್ಲಿ ಮಾಡುವ ಹಾಗೆ ತಮ್ಮ ತಮ್ಮ ಅಂಗಿಯ ಕತ್ತುಪಟ್ಟಿ ಹಿಡಿದುಕೊಂಡರು. ಭೂಕಂಪವಾದಾಗಲೂ ಆ ಊರು ಅಷ್ಟು ಹೆದರಿರಲಿಲ್ಲ.

"ಹೇಳೇಬಿಟ್ಲು!" ಎಂದರು ಸೋನುನ್ ಎಜೆ.

"ಬಾಯಿ ತುಂಬಾ!" ಎಂದಳು ತುರ್ಸುನ್‌ಕಾನ್.

"ಅದೂ ಮಾವನ ಮುಖಕ್ಕೇ!"

ಕೊಚ್ಕೋರ್‌ಬಾಯ್ ಕಾರಿನಿಂದ ಬೆನ್ನು ತೆಗೆದರು. ಟೋಪಿಯನ್ನು ನಿಧಾನವಾಗಿ ತಲೆಗೆ ಹಾಕಿಕೊಂಡರು. ಕುಗ್ಗಿದ್ದ ಅಷ್ಟೂ ಇಂಚು ವಾಪಸು ಬಂದವು.

"ನನ್ನ ಹೆಸರು," ಎಂದರು. ಧ್ವನಿ ಈಗ ಬೀದಿಗೂ ಕೇಳುವಷ್ಟಿತ್ತು. "ನನ್ನ ಅಂಗಳದಲ್ಲಿ. ನಾನು ಬದುಕಿರೋವಾಗ್ಲೇ. ನಾನು ಪುಸ್ತಕ ಹೊತ್ತು ತಂದುಕೊಟ್ಟ ಸೊಸೆ ಬಾಯಲ್ಲಿ!"

ಕಾಲಿಯ್ಪಾ ಅಪಾ ಗಂಡನನ್ನು ನೋಡಿದರು, ಸೊಸೆಯನ್ನು ನೋಡಿದರು, ನಾಳೆಯಿಂದ ತಾವು ಇದೇ ಬೀದಿಯಲ್ಲಿ ಮುಖ ತೋರಿಸಬೇಕಾದ ಹೆಂಗಸರನ್ನು ನೋಡಿದರು. ಆಯ್ಕೆ ಮಾಡಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಅಯ್ಯೋ ನನ್ನ ಮನೆತನವೇ!" ಎಂದು ಎದೆ ಬಡಿದುಕೊಂಡರು. "ಎಂಥ ಮಾನವಂತರ ಮನೆ ಇದು!"

ಸುತ್ತಲಿದ್ದವರು ಅಪಾ ಅವರನ್ನು ಹಿಡಿದು ಕೂರಿಸಿ ನೀರು ಕುಡಿಸಿದರು. ಇಬ್ಬರು ಕೊಚ್ಕೋರ್‌ಬಾಯ್ ಅವರಿಗೆ ಕುರ್ಚಿ ತಂದರು. ಪೆರಿಜಾತ್ ಮೆದೆಯ ಪಕ್ಕ ಒಬ್ಬಳೇ ನಿಂತಿದ್ದಳು. ಯಾವ ಜೀಪಾರ್ ಎಂಬ ಪ್ರಶ್ನೆಯನ್ನು ಅಂದಾಗಲಿ ಆಮೇಲಾಗಲಿ ಯಾರೂ ಮತ್ತೆ ಕೇಳಲಿಲ್ಲ.

ಸಂಜೆ ಗುಂಪಿನಲ್ಲಿ ಸೋನುನ್ ಎಜೆಯ ಮಾತು ಬಂತು. ಹೊಳೆಯ ಸುದ್ದಿಯಿಲ್ಲ, ವಿಧವೆಯ ಸುದ್ದಿಯಿಲ್ಲ. "ನಮ್ಮ ಕಾಲದಲ್ಲಿ ಸೊಸೆಯಂದಿರು ಹಾವು ಕಚ್ಚಿದ್ರೂ ಮಾವನ ಹೆಸರು ಹೇಳ್ತಿರಲಿಲ್ಲ, ಈಗಿನೋರು ಕಾದಂಬರಿ ಓದಿ ಓದಿ ಹೀಗಾಗಿದ್ದಾರೆ" ಎಂದಷ್ಟೇ ಇತ್ತು. ಎಲ್ಲರೂ ಅಳುವ ಮುಖದ ಚಿತ್ರ ಹಾಕಿದರು.

ಲಾರಿ ಓಡಿಸುವ ಗಂಡ ಉರ್ಮಾತ್ ದಾರಿಯಿಂದಲೇ ಫೋನು ಮಾಡಿದ. ಅವನು ತಾನಾಗಿ ಫೋನು ಮಾಡುವುದೇ ಅಪರೂಪ.

"ಅಪ್ಪನ ಹೆಸರು ಹೇಳಿದ್ಯಂತೆ?"

"ನಿಮ್ಮಪ್ಪ ಏನು ಹೇಳಿದ್ರು ಅಂತ ಯಾರೂ ನಿಮಗೆ ಹೇಳ್ಲಿಲ್ವಾ?"

"ಅದೆಲ್ಲ ಬಿಡು. ನೀನು ಹೆಸರು ಹೇಳಿದ್ಯೋ ಇಲ್ವೋ?"

"ಹೇಳ್ದೆ."

ಉರ್ಮಾತ್ ಫೋನು ಇಟ್ಟುಬಿಟ್ಟ.

ದೀಪ ಹಾಕುವ ಹೊತ್ತಿಗೆ ಪೆರಿಜಾತ್ ಹೊಸ ತಲೆವಸ್ತ್ರ ಕಟ್ಟಿ, ಮಾವನ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಕೊಚ್ಕೋರ್‌ಬಾಯ್ ದೊಡ್ಡ ಮನಸ್ಸು ಮಾಡಿ, "ಹೋಗಲಿ, ಬದುಕಿಕೋ ಮಗು" ಎಂದು ಹರಸಿದರು. ಕಾಲಿಯ್ಪಾ ಅಪಾ ತೀರ್ಪು ಕೊಟ್ಟರು: ಇನ್ನು ಈ ಮನೆಗೆ ಒಂದೇ ಒಂದು ಪುಸ್ತಕ ಬರಕೂಡದು, ಗುಂಪಿನಲ್ಲಿ ಇವಳ ಧ್ವನಿ ಕೇಳಕೂಡದು. ಅಂದು ತಂದಿದ್ದ ಎರಡೂ ಪುಸ್ತಕಗಳನ್ನು ಪೆರಿಜಾತ್ ಮುಟ್ಟುವ ಮೊದಲೇ ತಾವೇ ಚೀಲಕ್ಕೆ ಹಾಕಿ ಗಂಟು ಕಟ್ಟಿದರು.

ಕೊಚ್ಕೋರ್‌ಬಾಯ್ ಆ ಗಂಟನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

"ವಾಪಸು ಕೊಡಬೇಕಲ್ಲ. ನಮ್ಮ ಸೊಸೆ ಇನ್ಮೇಲೆ ಓದಲ್ಲ ಅಂತ ಅಲ್ಲಿ ತಿಳಿಸಬೇಕು. ಕಾರ್ಡು ರದ್ದು ಮಾಡಿಸಬೇಕು. ಒಂದೇ ಸಲಕ್ಕೆ ಮುಗಿಯೋ ಕೆಲಸ ಅಲ್ಲ ಅದು. ಸಂತೆ ದಿನ ಹೋಗಿ ವಿಚಾರಿಸಿಕೊಂಡು ಬರ್ತೀನಿ."

ಪೆರಿಜಾತ್ ಏನೋ ಹೇಳಲು ಬಾಯಿ ತೆರೆದಳು. ಅಪಾ ಕಣ್ಣಲ್ಲೇ ಮುಚ್ಚಿಸಿದರು.

"ಹೋಗಿ ಬನ್ನಿ" ಎಂದರು ಗಂಡನಿಗೆ. "ಇವಳಿಂದ ಪಾಪ, ನಿಮಗೆ ಇನ್ನೂ ಎಷ್ಟು ಓಡಾಟವೋ!"