ದೋಣಿಯ ಬೀಗದಕೈಯೂ ನನ್ನ ಜೋಪಾನವೂ

ನಾನು ಬಲು ಜೋಪಾನದ ಮನುಷ್ಯ. ಬೇರೆ ಯಾರೂ ಹೇಳದ ಕಾರಣ ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ, ಹೊಸದುರ್ಗದ ಕಡೆಯ ದಡದಿಂದ ಆಚೆ ದಡಕ್ಕೆ ಡೀಸೆಲ್ ದೋಣಿ ಓಡಿಸುವುದು ನನ್ನ ಕೆಲಸ. ಎಂಜಿನ್ ಚಾಲೂ ಮಾಡುವ ಗುಂಡಿ ಒಂದು ತಗಡಿನ ಪ್ಯಾನೆಲ್ಲಿನೊಳಗಿದೆ. ಕಂಡಕಂಡವರು ಒತ್ತಬಾರದೆಂದು, ಯಾರಿಂದಲೂ ಒಡೆಯಲಾಗದ ಬೀಗವೇ ಬೇಕೆಂದು ಹೊಸದುರ್ಗದ ಮೂರು ಅಂಗಡಿ ಅಲೆದು ತಂದು ಅದಕ್ಕೆ ಹಾಕಿದವನೂ ನಾನೇ. ಅದರ ಜೊತೆ ಎರಡು ಬೀಗದಕೈ ಬಂದವು. ಒಂದು ಕಳೆದರೆ ಇನ್ನೊಂದು ಹತ್ತಿರವೇ ಇರಲಿ ಎಂದು, ಎರಡನೆಯದನ್ನು ಇಡೀ ದೋಣಿಯಲ್ಲಿ ಅತಿ ಭದ್ರವಾದ ಜಾಗದಲ್ಲಿಟ್ಟೆ.

ಆಯುಧಪೂಜೆಯ ದಿನ ನಮ್ಮಲ್ಲಿ ಸ್ಪ್ಯಾನರ್‌ನಿಂದ ಈಳಿಗೆಮಣೆಯವರೆಗೆ ಯಾವುದಕ್ಕೂ ಅನ್ಯಾಯ ಮಾಡುವಂತಿಲ್ಲ. ಹಾಗಾಗಿ ಬೀಗದಕೈಗೂ ವಿಭೂತಿ ಹಚ್ಚಿ, ಚೆಂಡುಹೂವಿನ ಸರಕ್ಕೆ ಕಟ್ಟಿ ದೋಣಿಯ ಮೂತಿಗೆ ಇಳಿಬಿಟ್ಟಿದ್ದೆ. ಮಾರನೆಯ ಬೆಳಿಗ್ಗೆ, ಬಾಡಿದ ಹೂವು ಯಾರ ಕಾಲಿಗೂ ಸಿಗಬಾರದೆಂದು ಸರವನ್ನು ನೀರಿಗೆ ಬಿಟ್ಟು, ಅದು ತೇಲಿಹೋಗುವುದನ್ನೇ ನೋಡುತ್ತ ಕೈಮುಗಿದು ನಿಂತೆ. ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೆ ಬೀಗದಕೈಯ ನೆನಪಾಯಿತು.

ಅಷ್ಟರಲ್ಲಿ ಕುರಿ ಕಾಯುವ ಕರಿಯಜ್ಜ ಹೊಸ ಪಂಚೆಯುಟ್ಟು ಬಂದ. ಆಚೆ ದಡದಲ್ಲಿ ಮಗಳ ಮನೆ. ಮಧ್ಯಾಹ್ನದೊಳಗೆ ಮೊಮ್ಮಗನಿಗೆ ತೊಟ್ಟಿಲ ಶಾಸ್ತ್ರ. ಅಜ್ಜನ ಕೈಯಿಂದ ಬೆಳ್ಳಿ ಉಡಿದಾರ ಕಟ್ಟಿಸದೆ ಕೂಸನ್ನು ತೊಟ್ಟಿಲಿಗೆ ಹಾಕುವಂತಿರಲಿಲ್ಲ. ರಸ್ತೆಯಲ್ಲಿ ಸುತ್ತಿಕೊಂಡು ಹೋಗೋಣವೆಂದರೆ ಎರಡು ಬಸ್ಸು, ಒಂದು ಆಟೋ, ಆಮೇಲೆ ಸಂಜೆ.

"ಹೋಗಾಣೇನಪ್ಪ?"

"ಕುಂತ್ಕಳ್ರಿ ಅಜ್ಜ, ಸ್ವಲ್ಪ ಟೆಕ್ನಿಕಲ್ ತೊಂದ್ರೆ ಐತೆ" ಎಂದು ಹೆಂಡತಿಗೆ ಫೋನು ಮಾಡಿದೆ.

"ಇನ್ನೊಂದು ಬೀಗದಕೈ ಐತಲ್ರಿ?"

"ಐತೆ. ಭದ್ರವಾಗೈತೆ."

"ಎಲ್ಲಿ?"

"ಪ್ಯಾನೆಲ್ ಒಳಗೆ."

ಆಕೆ ಫೋನು ಇಟ್ಟುಬಿಟ್ಟಳು.

ಕಲ್ಲಿನಿಂದ ಬೀಗಕ್ಕೆ ಹೊಡೆದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅಜ್ಜ ಮಡಿಲಲ್ಲಿದ್ದ ಉಡಿದಾರದ ಪೊಟ್ಟಣವನ್ನು ಬಿಚ್ಚಿ ನೋಡುವುದು, ಸೂರ್ಯನನ್ನು ನೋಡುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವನ ಸೊಂಟದ ದಾರದಲ್ಲಿ ಟ್ರಂಕಿನ ಬೀಗದಕೈ, ಮುಳ್ಳು ಕೀಳುವ ಚಿಮಟ ಎಲ್ಲ ಜೋತಾಡುವುದನ್ನು ಕಂಡು "ಸೊಂಟದಾಗೆ ಅಂಗಡಿ ಇಟ್ಟೀರೇನಜ್ಜ" ಎಂದು ಗೇಲಿ ಮಾಡುತ್ತಿದ್ದವನು ನಾನೇ.

ಕೊನೆಗೆ ಅಜ್ಜನೇ ಎದ್ದು ಬಂದ. ಅಂಗಿ ಎತ್ತಿ ಚಿಮಟ ಬಿಚ್ಚಿ, ಬೀಗದೊಳಗೆ ತೂರಿಸಿ ತಿರುವಿದ. "ಜಾಲಿಮುಳ್ಳಿಗಿಂತ ಗಟ್ಟಿ ಏನಲ್ಲ ಬಿಡು." ಬೀಗ ತೆರೆದುಕೊಂಡಿತು. ಒಳಗೆ ಎರಡನೆಯ ಬೀಗದಕೈ ಬಹಳ ಭದ್ರವಾಗಿತ್ತು. ಮಧ್ಯಾಹ್ನಕ್ಕೆ ಮುಂಚೆಯೇ ಕೂಸು ತೊಟ್ಟಿಲಲ್ಲಿತ್ತು, ಸೊಂಟಕ್ಕೆ ಉಡಿದಾರವೂ ಇತ್ತು.

ಈಗ ನಾನೂ ಉಡಿದಾರ ಕಟ್ಟಿಕೊಂಡು ಅದಕ್ಕೇ ಬೀಗದಕೈ ಬಿಗಿದಿದ್ದೇನೆ. ದಾರ ಗಿಡ್ಡ, ಪ್ಯಾನೆಲ್ ಮೊಣಕಾಲಿನ ಎತ್ತರ. ಮಂಡಿಯೂರಿ, ಹೊಟ್ಟೆಯನ್ನು ತಗಡಿಗೆ ಒತ್ತಿ, ತಲೆ ಬಾಗಿಸಿಯೇ ಬೀಗ ತೆಗೆಯಬೇಕು. ದಿನಾ ಎಂಜಿನ್‌ಗೆ ನಮಸ್ಕಾರ ಮಾಡುವ ಭಕ್ತನೆಂದು ತಿಳಿದು ಪ್ರಯಾಣಿಕರೂ ಕೈಮುಗಿಯುತ್ತಾರೆ. ನಾನು ತಿದ್ದಲು ಹೋಗಿಲ್ಲ. ಬೀಗದಂಗಡಿಯಲ್ಲಿ ಹೊಸದಾಗಿ ಮಾಡಿಸಿದ ಇನ್ನೊಂದು ಬೀಗದಕೈ ಹೆಂಡತಿಯ ಬಳಿ ಇದೆ. ಎಲ್ಲಿಟ್ಟಿದ್ದಾಳೆಂದು ಕೇಳಿದೆ. ನನ್ನಂಥ ಜೋಪಾನದವರಿಗೆ ಅದನ್ನು ಹೇಳಬಾರದಂತೆ.